ಭೂಗೋಳ ಓದಿ ಕಾಲುವೆ ನೀರಿನ ಲೆಕ್ಕ ಹಿಡಿದೆ: ನನ್ನ ಅನುಭವ

ಭೂಗೋಳದಲ್ಲಿ ಎಂ.ಎ. ಮಾಡಿದಾಗ ಮಾನ್ವಿಯಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು, ಬಿ.ಎಡ್. ಮಾಡಿ ಮೇಷ್ಟ್ರಾಗು. ನನ್ನ ಬ್ಯಾಚ್‌ನ ಇಬ್ಬರು ಕೆಎಎಸ್‌ಗೆ ಓದುತ್ತಿದ್ದಾರೆ, ಒಬ್ಬಳು ಅಂತರ್ಜಲ ಸರ್ವೆಯಲ್ಲಿದ್ದಾಳೆ. ನಾನು ನಕ್ಷೆ ಮಾಡಿಯೇ ಮನೆ ನಡೆಸುತ್ತಿದ್ದೇನೆ.

ತುಂಗಭದ್ರಾ ಎಡದಂಡೆ ಕಾಲುವೆಯ ಟೇಲ್ ಎಂಡ್‌ನಲ್ಲಿ, ಅಂದರೆ ನೀರು ಕೊನೆಗೆ ತಲುಪುವ ಭಾಗದಲ್ಲಿ, ಯಾವ ಹೊಲಕ್ಕೆ ನೀರು ಬಂತು, ಯಾವುದಕ್ಕೆ ಬರಲಿಲ್ಲ ಅಂತ ಉಪಗ್ರಹ ಚಿತ್ರದಲ್ಲಿ ತೋರಿಸುವುದು ನನ್ನ ಕೆಲಸ. ಮೊದಲ ಮುಂಗಾರು ಪೂರ್ತಿ ಹಾಳಾಯಿತು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ 5 ದಿನಕ್ಕೊಂದು ಪುಕ್ಕಟೆ ಸಿಗುತ್ತದೆ ನಿಜ, ಆದರೆ ನಾಟಿ ಹೊತ್ತಿಗೆ ಬರೀ ಮೋಡ, ಹತ್ತರಲ್ಲಿ ಎರಡು ಕೆಲಸಕ್ಕೆ ಬಂದರೆ ಹೆಚ್ಚು. ಅದರ ಮೇಲೆ ಹಳೇ ಗ್ರಾಮ ನಕ್ಷೆಯನ್ನು ಎರಡರಲ್ಲೂ ಗುರುತು ಸಿಗುವ ನಾಲ್ಕೇ ಪಾಯಿಂಟ್ ಹಿಡಿದು ಉಪಗ್ರಹ ಚಿತ್ರದ ಮೇಲೆ ಕೂರಿಸಿದ್ದೆ, ಗಡಿಗಳು 50-60 ಮೀಟರ್ ಸರಿದಿದ್ದವು. ಒಬ್ಬ ರೈತ ನಕ್ಷೆ ಮೇಲೆ ಬೆರಳಿಟ್ಟು, "ನನ್ನ ಹೊಲ ಹಳ್ಳದಾಗ ಹಾಕೀರಲ್ರೀ" ಅಂದರು. ಆ ಕೆಲಸ ಕೊಟ್ಟಿದ್ದ ಖಾಸಗಿ ಕಂಪನಿ 18 ಸಾವಿರ ಇವತ್ತಿಗೂ ಕೊಟ್ಟಿಲ್ಲ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗೆ 30 ಸಾವಿರ ಸಾಲ ಬೇರೆ ಇತ್ತು.

ಆಮೇಲೆ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರ ಹಿಡಿದೆ, ಆಗ 12 ದಿನಕ್ಕೊಮ್ಮೆ ಬರುತ್ತಿದ್ದರೂ ಅದರ ಅಲೆ ಮೋಡ ದಾಟಿ ಹೋಗುವುದರಿಂದ ಮೋಡದ ಕಾಟ ಇಲ್ಲ. ನೀರು ನಿಂತ ಗದ್ದೆ ಕಪ್ಪಗೆ ಕಾಣುತ್ತದೆ, ಪೈರು ಎದ್ದಂತೆ ಬೆಳ್ಳಗಾಗುತ್ತದೆ. ನೀರಿದೆ, ಇಲ್ಲ ಅನ್ನುವ ಗೆರೆಯನ್ನು ಎಷ್ಟು ಡೆಸಿಬೆಲ್‌ಗೆ (ವಾಪಸ್ ಬರುವ ರೇಡಾರ್ ಸಿಗ್ನಲ್‌ನ ಅಳತೆ) ಎಳೆಯುತ್ತೇನೆ ಅಂತ ಮಾತ್ರ ಕೇಳಬೇಡಿ, ಅದಕ್ಕಾಗಿ ನೂರಾ ನಲವತ್ತು ಹೊಲ ಕಾಲ್ನಡಿಗೆಯಲ್ಲಿ ಸುತ್ತಿದ್ದೇನೆ. ಕೆಸರಲ್ಲಿ ಒಂದು ಫೋನ್ ಹೋಯಿತು. ಗ್ರಾಮ ನಕ್ಷೆಗೆ ಈಗ ಕಮ್ಮಿ ಅಂದರೂ 25 ಪಾಯಿಂಟ್, ಎಲ್ಲಾ ತೂಬು, ಬಾವಿ, ಗುಡಿ ಕಟ್ಟೆಯಂಥ ಕದಲದ ಜಾಗಗಳು.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಆಗ ಎಲ್ಲರಿಗೂ ನೀರಿನದ್ದೇ ಚಿಂತೆ. ನನಗೆ ಫೋನ್ ಬರಲು ಶುರುವಾಗಿದ್ದು ಆವಾಗಲೇ. ಮೇಲಿನ ಭಾಗದಲ್ಲಿ ನಾಟಿ ಮುಗಿದ ಎರಡು ವಾರಕ್ಕೂ ಕೆಳಗಿನ ಮೂರು ತೂಬು ಒಣಗಿದ್ದವು, ನಕ್ಷೆಯಲ್ಲಿ ಅದು ಎದ್ದು ಕಾಣುತ್ತಿತ್ತು. ಅದನ್ನು ಹಿಡಿದುಕೊಂಡೇ ರೈತರು ಮೀಟಿಂಗ್‌ಗೆ ಹೋದರು, ವಾರದೊಳಗೆ ನೀರು ಬಂತು. ಈಗ ಊರಿಗೆ ಆರೇಳು ಸಾವಿರ ತೊಗೊಳ್ತೇನೆ. ಕಳೆದ ಮುಂಗಾರಲ್ಲಿ ಒಂದೂವರೆ ಲಕ್ಷದ ಹತ್ತಿರ ಆಯಿತು.

ಸಿಂಧನೂರು ಕಡೆ ಸವಳು-ಜವಳು ಭೂಮಿಯನ್ನೂ (ಉಪ್ಪೇರಿದ, ನೀರು ನಿಂತು ಕೆಟ್ಟ ನೆಲ) ಹೀಗೇ ಗುರುತಿಸಲು ನೋಡಿದೆ. ಏಪ್ರಿಲ್ ಚಿತ್ರದಲ್ಲಿ ಉಪ್ಪು ಎದ್ದ ನೆಲ ಬೆಳ್ಳಗೆ ಹೊಳೆಯುತ್ತದೆ, ಆದರೆ ಒಣಹುಲ್ಲು ಹರಡಿದ ಗದ್ದೆಯೂ ಹಾಗೇ ಹೊಳೆಯುತ್ತದೆ. ಅರ್ಧಕ್ಕರ್ಧ ತಪ್ಪಾಯಿತು. ಮಣ್ಣಿನ ಉಪ್ಪು ಅಳೆಯುವ ಇಸಿ ಮೀಟರ್ ಈಗ ತಂದಿಟ್ಟಿದ್ದೇನೆ, ಬೇಸಿಗೆ ಬೆಳೆ ಕೊಯ್ಲಾದ ಮೇಲೆ ಮತ್ತೆ ಹೋಗುತ್ತೇನೆ.