ಪಿನ್‌ಕೋಡ್ ಸಂಖ್ಯೆ ಕೊನೆಗೂ ಪಿ-1ರಲ್ಲೇ ಒಡೆಯಿತು: ನನ್ನ ಅನುಭವ

ದೊಡ್ಡ ಸಂಖ್ಯೆಯೊಂದಕ್ಕೆ 48 ಅಂಕಿಯ ಫ್ಯಾಕ್ಟರ್ (ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ) ಸಿಕ್ಕಿತು, ಅದೂ ಪಿ-1ರಲ್ಲಿ. ಗಣಿತಜ್ಞ ಪೊಲಾರ್ಡ್ 1974ರಲ್ಲಿ ಕೊಟ್ಟ ಪದ್ಧತಿ: ಅವಿಭಾಜ್ಯ ಫ್ಯಾಕ್ಟರಿನಿಂದ 1 ಕಳೆದಾಗ ಬರುವ ಸಂಖ್ಯೆ ಸಣ್ಣ ಸಣ್ಣ ತುಂಡಾಗಿ ಒಡೆಯುವಂತಿದ್ದರೆ ಆ ಫ್ಯಾಕ್ಟರ್ ಸಿಕ್ಕಿಬೀಳುತ್ತದೆ. ಧಾರವಾಡದ ಗೆಳೆಯರೊಬ್ಬರು "ಏನಪಾ, ಇಸಿಎಂ ಇದ್ದಾಗ ಅದನ್ಯಾಕ ಹಿಡ್ಕೊಂಡು ಕುಂತಿ" ಅಂದಿದ್ದರು (ಇಸಿಎಂ ಅಂದರೆ ಎಲಿಪ್ಟಿಕ್ ಕರ್ವ್‌ಗಳಿಂದ ಫ್ಯಾಕ್ಟರ್ ಹುಡುಕುವ ಪದ್ಧತಿ). ಈಗ ಅವರೇ ಲಾಗ್ ಫೈಲ್ ಕೇಳಿ ತರಿಸಿಕೊಂಡಿದ್ದಾರೆ.

ಸಂಖ್ಯೆ ನಮ್ಮ ಕಡೆಯ ಒಂದು ಪಿನ್‌ಕೋಡಿನದು. ಅದನ್ನು ಒಂದು ಅವಿಭಾಜ್ಯ ಘಾತಕ್ಕೆ ಏರಿಸಿ, 1 ಕಳೆದು, ಪಿನ್‌ಕೋಡಿಗಿಂತ ಒಂದು ಕಡಿಮೆ ಇರುವ ಸಂಖ್ಯೆಯಿಂದ ಭಾಗಿಸಿದ್ದು. ಯಾವ ಊರು, ಯಾವ ಘಾತ ಅಂತ ಈಗ ಹೇಳಲ್ಲ, ಅದೇ ಥರದ ಬೇರೆ ಸಂಖ್ಯೆಗಳು ಇನ್ನೂ ಓಡುತ್ತಿವೆ. ಸಣ್ಣ ಫ್ಯಾಕ್ಟರ್‌ಗಳನ್ನು ತೆಗೆದ ಮೇಲೆ 150 ಅಂಕಿ ಚಿಲ್ಲರೆ ಉಳಿದಿತ್ತು.

ಸುಮ್ನೆ ಒಂದು ಆಟ ನೋಡಿ. ಘಾತ 29 ಇಟ್ಟುಕೊಳ್ಳಿ. ಗದಗದ 582101, ಹಾವೇರಿಯ 581110, ಎರಡನ್ನೂ 29ನೇ ಘಾತಕ್ಕೆ ಏರಿಸಿ 59ರಿಂದ ಭಾಗಿಸಿದರೆ ಶೇಷ 1, ಅಂದರೆ 1 ಕಳೆದ ಮೇಲೆ 59 ಫ್ಯಾಕ್ಟರ್ ಆಗುತ್ತದೆ. ಹುಬ್ಬಳ್ಳಿಯ 580020, ಧಾರವಾಡದ 580001 ತಗೊಂಡರೆ ಶೇಷ 58. ಅವಳಿ ನಗರಗಳು ಇಲ್ಲೂ ಜೋಡಿಯಾಗೇ ಇವೆ! ಪಿನ್‌ಕೋಡ್‌ಗಳನ್ನೇ 59ರಿಂದ ಭಾಗಿಸಿದರೆ ಬರುವ ಶೇಷಗಳಲ್ಲಿ 7 ಮತ್ತು 19 ವರ್ಗಶೇಷ (ಯಾವುದೋ ಸಂಖ್ಯೆಯ ವರ್ಗವನ್ನು 59ರಿಂದ ಭಾಗಿಸಿದಾಗ ಬರುವ ಶೇಷ), 50 ಮತ್ತು 31 ಅಲ್ಲ, ಅಷ್ಟೇ ಕಾರಣ. ಇದರಲ್ಲೇ ಒಂದು ಇಡೀ ಭಾನುವಾರ ಕಳೆದೆ.

ಮೊದಲು ಎಲ್ಲರ ಮಾತು ಕೇಳಿ ಸೀವ್ (ರಿಲೇಷನ್ ಅನ್ನೋ ಸಮೀಕರಣಗಳನ್ನು ರಾಶಿಗಟ್ಟಲೆ ಕೂಡಿಸಿ ಸಂಖ್ಯೆ ಒಡೆಯುವ ಪದ್ಧತಿ) ಹಚ್ಚಿದ್ದೆ. ನಮ್ಮ ಅಂಗಡಿಯ ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಅದು ತಿಂಗಳುಗಟ್ಟಲೆ ಆಗುವ ಕೆಲಸ ಅಂತ ಬಾಡಿಗೆ ಸರ್ವರ್ ತಗೊಂಡೆ. ಅಗ್ಗದ ಪ್ಲಾನ್. ರಿಲೇಷನ್‌ಗಳು ಅರ್ಧ ಕೂಡಿದ್ದವು, ಅಷ್ಟರಲ್ಲಿ ಕಂಪನಿಯವರು ಮಷೀನ್ ವಾಪಸ್ ಎಳೆದುಕೊಂಡರು, ಡಿಸ್ಕ್ ಕೂಡ ಹೋಯಿತು. ಒಂಬತ್ತು ಹತ್ತು ಸಾವಿರ ರೂಪಾಯಿ ನೀರಿಗೆ ಬಿತ್ತು. ಇಸಿಎಂನಲ್ಲಿ 45 ಅಂಕಿಯ ಫ್ಯಾಕ್ಟರ್ ಹುಡುಕುವ ಮಟ್ಟದ ಕರ್ವ್‌ಗಳನ್ನು ಪೂರ್ತಿ ಓಡಿಸಿದೆ, ಏನೂ ಬರಲಿಲ್ಲ.

ಆಗ ಪಿ-1ಕ್ಕೆ ಮರಳಿದೆ. ಇಂಥ ಸಂಖ್ಯೆಯ ಫ್ಯಾಕ್ಟರಿನಿಂದ 1 ಕಳೆದರೆ ಘಾತದಿಂದ ಭಾಗ ಹೋಗಲೇಬೇಕು, ಘಾತವೇ ಫ್ಯಾಕ್ಟರ್ ಆಗಿದ್ದರೆ ಮಾತು ಬೇರೆ. ಒಂದು ತುಂಡು ಪುಕ್ಕಟೆ ಸಿಕ್ಕ ಹಾಗೆ. ನಮ್ಮವರು ಬಿ1 (ಮೊದಲ ಹಂತದಲ್ಲಿ ತುಂಡುಗಳ ಗಾತ್ರಕ್ಕೆ ಹಾಕುವ ಮಿತಿ) ನೂರು ಕೋಟಿಗೆ ನಿಲ್ಲಿಸಿ "ಇಲ್ಲ, ಬಿಡು" ಅಂತಾರೆ. ನಾನು ಲಕ್ಷ ಕೋಟಿಗೆ ಇಟ್ಟೆ. ಹಳೇ ಮಷೀನಿನಲ್ಲಿ ಹತ್ತಿರ ಹತ್ತಿರ ಒಂದು ವಾರ. ಮಧ್ಯೆ ಕರೆಂಟ್ ಹೋಗುತ್ತಲೇ ಇತ್ತು. ಇದನ್ನು ಓಡಿಸುವ ಜಿಎಂಪಿ-ಇಸಿಎಂ ಸಾಫ್ಟ್‌ವೇರಿನ ಚೆಕ್‌ಪಾಯಿಂಟ್ ಆಯ್ಕೆ (ನಡುನಡುವೆ ಕೆಲಸ ಉಳಿಸುವುದು) ಹಾಕದೆ ಇಂಥದಕ್ಕೆ ಕೈ ಹಾಕಲೇಬೇಡಿ.

ಬಿ1 ಮೀರಿದ ಒಂದೇ ಒಂದು ತುಂಡನ್ನು ಹಿಡಿಯುವ ಎರಡನೇ ಹಂತ ಮೆಮೊರಿ ತಿನ್ನುತ್ತದೆ. 4 ಜಿಬಿಯಲ್ಲಿ ಎರಡು ಮೂರು ಸಲ ಸತ್ತಿತು. ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆ ಕಡೆ 16 ಜಿಬಿ ಸೆಕೆಂಡ್ ಹ್ಯಾಂಡ್ ರ‍್ಯಾಮ್ ಎರಡೂವರೆ ಸಾವಿರಕ್ಕೆ ಸಿಕ್ಕಿತು, ಯುಪಿಎಸ್ ಬ್ಯಾಟರಿಗೆ ಸಾವಿರದ ಆಸುಪಾಸು, ಕರೆಂಟ್ ಬಿಲ್ ಆರೇಳು ನೂರು ಜಾಸ್ತಿ. ಸರ್ವರ್ ಬಾಡಿಗೆಯ ಅರ್ಧವೂ ಆಗಲಿಲ್ಲ, ಅಲ್ವಾ? ಈ ಹಂತದ ಕೆಲಸವನ್ನು ಬ್ಲಾಕ್‌ಗಳಾಗಿ ಹೇಗೆ ಹಂಚಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಫ್ಯಾಕ್ಟರಿನಿಂದ 1 ಕಳೆದು ಒಡೆದು ನೋಡಿದೆ. ಅತಿ ದೊಡ್ಡ ತುಂಡು 15 ಅಂಕಿ, ಅದರ ಕೆಳಗಿನದು 12 ಅಂಕಿ, ಉಳಿದವೆಲ್ಲ ಪುಡಿ. ನೂರು ಕೋಟಿಗೆ ನಿಲ್ಲಿಸಿದ್ದರೆ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಫ್ಯಾಕ್ಟರ್ ಅವಿಭಾಜ್ಯ ಹೌದು ಅಂತ ಪಾರಿ ಅನ್ನೋ ಗಣಿತದ ಸಾಫ್ಟ್‌ವೇರಿನಲ್ಲಿ ಸಾಬೀತು ಮಾಡಿಕೊಂಡೆ. ಉಳಿದ 100 ಚಿಲ್ಲರೆ ಅಂಕಿಯನ್ನು ಯಾಫು ಸಾಫ್ಟ್‌ವೇರಿನ ಕ್ವಾಡ್ರಾಟಿಕ್ ಸೀವ್‌ಗೆ ಕೊಟ್ಟೆ, ಮಾರನೇ ದಿನ ಎರಡು ತುಂಡಾಯಿತು. ಈಗ ಅದೇ ಪಿನ್‌ಕೋಡಿಗೆ ಮುಂದಿನ ಅವಿಭಾಜ್ಯ ಘಾತ ಹಚ್ಚಿದ್ದೇನೆ, ಫ್ಯಾಕ್ಟರಿಗೆ 1 ಕಳೆಯುವ ಬದಲು ಕೂಡಿಸಿ ನೋಡುವ ಪಿ+1 ಪದ್ಧತಿ ಕೂಡ ಜೊತೆಗೇ ಓಡುತ್ತಿದೆ.