ವಿದೇಶದ ಹಳ್ಳಿಯಲ್ಲಿ ನಿವೃತ್ತಿ ಬದುಕು: ದಾವಣಗೆರೆಯ ಮನೆಗೆ ಬೀಗ ಹಾಕುವ ಮುನ್ನ

ಮಕ್ಕಳು ಹೊರದೇಶ ಸೇರಿ, ಹಿರಿಯರಿಬ್ಬರೇ ಉಳಿದ ಮನೆಗಳು ದಾವಣಗೆರೆಯ ವಿದ್ಯಾನಗರ, ಎಂಸಿಸಿ ಬಡಾವಣೆಗಳಲ್ಲಿ ಕಡಿಮೆಯೇನಿಲ್ಲ. ಮಗನ ಫ್ಲ್ಯಾಟಿನಲ್ಲಿ ಮೂಲೆ ಹಿಡಿಯುವ ಬದಲು ಹೊರದೇಶದ ಹಳ್ಳಿಯೊಂದರಲ್ಲಿ ನಾವೇ ಬೇರೆ ಸಂಸಾರ ಹೂಡಿದರೆ ಹೇಗೆ ಎಂಬ ಆಲೋಚನೆ ಅಂಥವರಿಗೆ ಬರುವುದು ಸಹಜ. ಬ್ರಿಟನ್, ನೆದರ್ಲೆಂಡ್ಸ್‌ನ ನಿವೃತ್ತರು ಇದನ್ನು ಬಹಳ ಹಿಂದೆಯೇ ಮಾಡಿದ್ದಾರೆ. ಮಧ್ಯ ಪೋರ್ಚುಗಲ್‌ನಲ್ಲಿ ಯುವಕರೆಲ್ಲ ಪಟ್ಟಣ ಸೇರಿ ಬರಿದಾದ ಹಳ್ಳಿಗಳಿಗೆ ಹೋಗಿ, ಹಳೆಯ ಕಲ್ಲಿನ ಮನೆ ಕೊಂಡು ನೆಲೆಸಿದವರಿದ್ದಾರೆ. ನಮ್ಮವರಿಗೂ ಇದು ಆಗದ ಕೆಲಸವಲ್ಲ. ಆದರೆ ಹೆಚ್ಚಿನವರು ಮನೆಯ ಫೋಟೊ ನೋಡುವುದರಿಂದ ಶುರುಮಾಡುತ್ತಾರೆ. ಅದು ಕಟ್ಟಕಡೆಗೆ ನೋಡಬೇಕಾದದ್ದು.

ಮೊದಲು: ಒಬ್ಬರೇ ಉಳಿದರೆ?

ಗಂಡ ಹೆಂಡತಿ ಎದುರುಬದುರು ಕೂತು ಮಾತಾಡಿ. ಇಬ್ಬರಲ್ಲಿ ಒಬ್ಬರು ಹೋದ ಮೇಲೆ ಇನ್ನೊಬ್ಬರು ಅಲ್ಲಿ ಇರಬಲ್ಲರೇ? ಕಾರು ಓಡಿಸುವವರು ಯಾರು? ಬ್ಯಾಂಕು, ವೈದ್ಯರು, ಪಂಚಾಯಿತಿಯವರ ಜೊತೆ ಆ ದೇಶದ ಭಾಷೆಯಲ್ಲಿ ವ್ಯವಹರಿಸುವವರು ಯಾರು? ಎಲ್ಲವನ್ನೂ ಯಜಮಾನರೇ ನೋಡಿಕೊಳ್ಳುತ್ತಾರೆ ಎಂಬ ಉತ್ತರ ಬಂದರೆ, ಅಮ್ಮನವರು ಚಾಲನೆಯನ್ನೂ ನಾಲ್ಕು ಮಾತನ್ನೂ ಕಲಿಯುವವರೆಗೆ ಮುಂದಿನ ಹೆಜ್ಜೆ ಬೇಡ. ಹೊರಗಿನಿಂದ ಬಂದವರ ನೆರೆಹೊರೆಯಲ್ಲಿ ಸ್ನೇಹ ಬೇಗ ಬೆಳೆಯುತ್ತದೆ, ನಿಜ. ಆದರೆ ಅಲ್ಲಿರುವವರೂ ನಿಮ್ಮಷ್ಟೇ ವಯಸ್ಸಾದವರು. ಕಾಯಿಲೆ ಬಿದ್ದಾಗ ಅವರೂ ತಮ್ಮ ತಮ್ಮ ದೇಶಕ್ಕೆ ಹೊರಟುಬಿಡುತ್ತಾರೆ. ಅವರನ್ನೇ ನಂಬಿ ಊರು ಆರಿಸಬಾರದು.

ಕೆಟ್ಟ ಕಾಲದಲ್ಲಿ ಹೋಗಿ ಇದ್ದು ನೋಡಿ

ಪ್ರವಾಸಕ್ಕೆ ಮೇ ತಿಂಗಳು ಚೆಂದ. ನೆಲೆಸುವ ಊರನ್ನು ಜನವರಿಯಲ್ಲಿ ನೋಡಬೇಕು. ಪೋರ್ಚುಗಲ್‌ನ ಒಳನಾಡಿನಲ್ಲಿ ಚಳಿಗಾಲದ ಬೆಳಗ್ಗೆ ನೆಲದ ಮೇಲೆ ಹಿಮದ ಹರಳು ಕಟ್ಟಿರುತ್ತದೆ. ಹಳೆಯ ಕಲ್ಲಿನ ಮನೆಯ ಒಳಗೂ ಥಂಡಿ. ಎದ್ದ ಕೂಡಲೇ ಸೌದೆ ತಂದು ಒಲೆ ಹೊತ್ತಿಸಬೇಕು, ಬೂದಿ ತೆಗೆಯಬೇಕು, ಗೋಡೆಯ ತೇವಕ್ಕೆ ಬಂದ ಬೂಷ್ಟು ಒರೆಸಬೇಕು. ಬೇಸಿಗೆಯ ಸಂಕಟ ಬೇರೆ. ಆ ಗುಡ್ಡಗಳ ತುಂಬ ನೀಲಗಿರಿ ಮತ್ತು ಪೈನ್ ತೋಪುಗಳಿವೆ. 2017ರ ಜೂನ್‌ನಲ್ಲಿ ಪೆಡ್ರೊಗಾವ್ ಗ್ರಾಂಡೆ ಪ್ರದೇಶದ ಕಾಡ್ಗಿಚ್ಚಿಗೆ 66 ಮಂದಿ ಬಲಿಯಾದರು. ಅವರಲ್ಲಿ ಹೆಚ್ಚಿನವರು ತಪ್ಪಿಸಿಕೊಳ್ಳಲು ಹೊರಟು ರಸ್ತೆಯಲ್ಲೇ ಸಿಕ್ಕಿಬಿದ್ದವರು. ಕಾಡಂಚಿನ ಮನೆಯ ಸುತ್ತ 50 ಮೀಟರ್‌ವರೆಗೆ ಗಿಡಗಂಟಿ ಸವರುವುದು ಅಲ್ಲಿನ ಕಾನೂನು, ತಪ್ಪಿದರೆ ದಂಡ. ಎಪ್ಪತ್ತೈದರಲ್ಲಿ ಕುಡುಗೋಲು ಹಿಡಿಯಲಾಗದು, ಆಳಿನ ಕೂಲಿಯನ್ನು ಈಗಲೇ ಲೆಕ್ಕಕ್ಕೆ ಸೇರಿಸಿ.

ಅಲ್ಲಿದ್ದಾಗಲೇ ಮಾಡಬೇಕಾದ ಇನ್ನೊಂದು ಕೆಲಸ: ಬಾಡಿಗೆ ಮನೆಯಿಂದ ಹೃದ್ರೋಗ ಚಿಕಿತ್ಸೆ ಸಿಗುವ ಆಸ್ಪತ್ರೆಗೆ ರಾತ್ರಿ ಹೊತ್ತು ಒಮ್ಮೆ ಕಾರಿನಲ್ಲಿ ಹೋಗಿ ಬನ್ನಿ. ದಾವಣಗೆರೆಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಆಟೊದಲ್ಲಿ ತಲುಪುವಷ್ಟು ಹತ್ತಿರ ಇವೆ. ಇದು ನಮಗೆ ಎಷ್ಟು ಅಭ್ಯಾಸವಾಗಿದೆ ಎಂದರೆ ಅದನ್ನು ಸೌಲಭ್ಯ ಎಂದೇ ನಾವು ಎಣಿಸುವುದಿಲ್ಲ. 70 ದಾಟಿದವರಿಗೆಂದು ಕೇಂದ್ರ ಸರ್ಕಾರ 2024ರಲ್ಲಿ ತಂದ ಆಯುಷ್ಮಾನ್ 5 ಲಕ್ಷ ರೂಪಾಯಿ ಚಿಕಿತ್ಸಾ ರಕ್ಷಣೆಯೂ ಭಾರತದ ಗಡಿ ದಾಟುವುದಿಲ್ಲ.

ವೀಸಾ: ಪಿಂಚಣಿ ಸಾಕೇ?

ಪೋರ್ಚುಗಲ್‌ನ ಡಿ7 ವೀಸಾಕ್ಕೆ ಪಿಂಚಣಿ, ಬಾಡಿಗೆಯಂಥ ಖಾಯಂ ಆದಾಯ ತೋರಿಸಬೇಕು. ಅದರ ಮಟ್ಟ ಅಲ್ಲಿನ ಕನಿಷ್ಠ ವೇತನದ್ದು: 2025ರಲ್ಲಿ ತಿಂಗಳಿಗೆ 870 ಯೂರೊ ಇತ್ತು. ಸಂಗಾತಿ ಇದ್ದರೆ ಅದರ ಮೇಲೆ ಅರ್ಧ, ಅಂದರೆ ಆ ವರ್ಷ ಒಟ್ಟು 1,305. ರೂಪಾಯಿಗೆ ತಿರುಗಿಸಿದರೆ ಲಕ್ಷ ದಾಟುತ್ತದೆ. ನಿವೃತ್ತ ಮೇಷ್ಟರ ಪಿಂಚಣಿಯೊಂದರಿಂದ ಇದು ದಕ್ಕುವುದಿಲ್ಲ. ವೇತನ ಏರಿದಂತೆ ಈ ಮೊತ್ತವೂ ಏರುತ್ತದೆ. ಥಾಯ್ಲೆಂಡ್‌ನಲ್ಲಿ 50 ದಾಟಿದವರಿಗೆ ನಿವೃತ್ತಿ ಪರವಾನಗಿ ಉಂಟು: ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಅಥವಾ ತಿಂಗಳಿಗೆ 65,000 ಬಾತ್ ಆದಾಯ. ವರ್ಷ ವರ್ಷ ನವೀಕರಣ, 90 ದಿನಕ್ಕೊಮ್ಮೆ ವಿಳಾಸ ವರದಿ. ಅಲ್ಲಿ ವಿದೇಶಿಯರ ಹೆಸರಿಗೆ ಜಮೀನು ಆಗುವುದಿಲ್ಲ. ಸ್ಥಳೀಯರ ಹೆಸರಿನಲ್ಲಿ ಮಾಡಿಸಿಕೊಡುತ್ತೇವೆ ಎನ್ನುವವರ ಹತ್ತಿರ ಚಹಾ ಕುಡಿಯಿರಿ, ಮುಂಗಡ ಕೊಡಬೇಡಿ.

ಇಲ್ಲಿನ ಹಣ, ಇಲ್ಲಿನ ತೋಟ

ಭಾರತದ ನಿವಾಸಿ ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು. ಜೀವನ ನಿರ್ವಹಣೆಗೋ ಮನೆ ಖರೀದಿಗೋ ಕಳುಹಿಸುವ ಹಣ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗದ ಮೇಲೆ ಬ್ಯಾಂಕು ಶೇ 20ರಷ್ಟು ತೆರಿಗೆ ಹಿಡಿಯುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಇದನ್ನು ಹೊಂದಿಸಿಕೊಳ್ಳಬಹುದು, ಅಲ್ಲಿಯವರೆಗೆ ಹಣ ಸಿಕ್ಕಿಕೊಂಡಿರುತ್ತದೆ. ನೆಲೆಸಲೆಂದೇ ಹೊರಟ ಮೇಲೆ ನೀವು ಅನಿವಾಸಿ. ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ರೂಪಾಯಿ ಖಾತೆ, ಮಾಡಿಸಬೇಕು. ಅದರ ಬಡ್ಡಿಗೆ ಮೂಲದಲ್ಲೇ ಶೇ 30ರ ಕಡಿತ. ಹಿರಿಯ ನಾಗರಿಕರೆಂದು ನಮೂನೆ ಬರೆದುಕೊಟ್ಟು ಕಡಿತ ತಪ್ಪಿಸುವ ದಾರಿ ಇರುವುದಿಲ್ಲ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸ ಖಾತೆಯೂ ತೆರೆಯಲಾಗದು.

ತೋಟದ ವಿಷಯಕ್ಕೆ ಬನ್ನಿ. ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ತೋಟ ಇರುವವರು ಅನಿವಾಸಿಯಾದರೂ ಅದನ್ನು ಉಳಿಸಿಕೊಳ್ಳಬಹುದು. ಆದರೆ ಅನಿವಾಸಿಯಾಗಿರುವಷ್ಟು ಕಾಲ ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ. ವಿದೇಶದ ಮನೆಗೆಂದು ತೋಟ ಮಾರಿ ಹೋದವರು, ಮನಸ್ಸು ಬದಲಾಗಿ ಅಲ್ಲಿಂದಲೇ ಮತ್ತೊಂದು ತೋಟಕ್ಕೆ ಮುಂಗಡ ಕೊಡಲಾಗದು. ಆದ್ದರಿಂದ ಕನಿಷ್ಠ ಎರಡು ಚಳಿಗಾಲ ಬಾಡಿಗೆ ಮನೆಯಲ್ಲೇ ಕಳೆಯಿರಿ. ಅಲ್ಲಿಯವರೆಗೆ ತೋಟವೂ ಇರಲಿ, ಇಲ್ಲಿನ ಮನೆಯೂ ಇರಲಿ. ಮನೆ ಬಾಡಿಗೆಗೆ ಕೊಡುವುದಾದರೆ ಮಹಡಿಯ ಒಂದು ಕೋಣೆಯನ್ನಾದರೂ ನಿಮಗಾಗಿ ಇಟ್ಟುಕೊಳ್ಳಿ.

ಹೊರಡುವ ಮುನ್ನ ಕಾಗದಪತ್ರ

ಪಾಸ್‌ಪೋರ್ಟ್ ಕೆಲಸ ದಾವಣಗೆರೆಯ ಅಂಚೆ ಕಚೇರಿ ಸೇವಾ ಕೇಂದ್ರದಲ್ಲೇ ಆಗುತ್ತದೆ. ಮದುವೆ ನೋಂದಣಿ ಪತ್ರ ಇಲ್ಲದ ಹಿರಿಯ ದಂಪತಿಗಳು ಬಹಳ. ಮೊದಲು ಅದನ್ನು ಮಾಡಿಸಿ, ಆಮೇಲೆ ಪೋರ್ಚುಗಲ್‌ನಂಥ ದೇಶಗಳಲ್ಲಿ ನಮ್ಮ ದಾಖಲೆ ಒಪ್ಪಿಗೆಯಾಗಲು ಬೇಕಾದ ಅಪೊಸ್ಟಿಲ್ ಮುದ್ರೆ. ಪಾಸ್‌ಪೋರ್ಟ್, ಆಧಾರ್, ಪಿಂಚಣಿ ಪುಸ್ತಕಗಳಲ್ಲಿ ಹೆಸರಿನ ಇನಿಷಿಯಲ್ ಒಂದೇ ರೀತಿ ಇದೆಯೇ ನೋಡಿಕೊಳ್ಳಿ. ಕೇಂದ್ರದ ಪಿಂಚಣಿದಾರರು ನವೆಂಬರ್‌ನ ಜೀವಿತ ಪ್ರಮಾಣಪತ್ರವನ್ನು ಹೊರದೇಶದಿಂದ ಸಲ್ಲಿಸಬಹುದು. ರಾಜ್ಯದವರು ಖಜಾನೆಯಲ್ಲೂ ಬ್ಯಾಂಕಿನಲ್ಲೂ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಬಾಡಿಗೆ ವಸೂಲಿ, ಕಂದಾಯ, ತೋಟದ ವ್ಯವಹಾರಕ್ಕೆ ಬೇಕಾದ ಅಧಿಕಾರ ಪತ್ರವನ್ನು ಇಲ್ಲಿರುವಾಗಲೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಯಾವ ಯಾವ ಕೆಲಸಕ್ಕೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆಸಿ. ತಮ್ಮನಿಗೇ ಕೊಡುವುದಾದರೂ ಮಾರುವ ಹಕ್ಕನ್ನು ಅದರಲ್ಲಿ ಸೇರಿಸಬೇಡಿ.