ಹಸಿರು ಚಾವಣಿಯ ಪುಟ್ಟ ಮನೆ: ಗಿಡಕ್ಕಿಂತ ಮೊದಲು ಭಾರದ ಲೆಕ್ಕ

ಚಾವಣಿಯ ಮೇಲೆ ಹುಲ್ಲು ಬೆಳೆಸಬೇಕೆಂದಿರುವವರು ನಕ್ಷೆ ಅಂತಿಮಗೊಳ್ಳುವ ಮೊದಲೇ ಅದನ್ನು ಸ್ಟ್ರಕ್ಚರಲ್ ಎಂಜಿನಿಯರಿಗೆ ತಿಳಿಸಬೇಕು. ಏಕೆಂದರೆ 10 ಸೆಂಟಿಮೀಟರ್ ದಪ್ಪದ ಹಗುರ ಮಣ್ಣಿನ ಮಿಶ್ರಣವೂ ಮಳೆಗೆ ಪೂರ್ತಿ ನೆನೆದಾಗ ಪ್ರತಿ ಚದರ ಮೀಟರಿಗೆ ಸುಮಾರು 100ರಿಂದ 150 ಕಿಲೋಗ್ರಾಂ ತೂಗುತ್ತದೆ. ಜಲನಿರೋಧಕ ಪದರ, ಬೇರುತಡೆ ಹಾಳೆ, ನೀರು ಬಸಿಯುವ ಪದರ, ಸೋಸುವ ಬಟ್ಟೆ, ಅದರ ಮೇಲೆ ಮಣ್ಣು ಎಂಬುದು ಸಾಮಾನ್ಯ ಕ್ರಮ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನೀರಿನ ಪರೀಕ್ಷೆ. ಜಲನಿರೋಧಕ ಪದರ ಒಣಗಿದ ಮೇಲೆ ಚಾವಣಿಯ ನೀರು ಹೊರಹೋಗುವ ಕೊಳವೆಯ ಬಾಯಿ ಮುಚ್ಚಿ, ಸುಮಾರು 5 ಸೆಂಟಿಮೀಟರ್ ನೀರನ್ನು 48 ಗಂಟೆ ನಿಲ್ಲಿಸಿ, ಕೋಣೆಯೊಳಗಿನಿಂದ ಮೂಲೆಮೂಲೆಯನ್ನೂ ಕೈಯಾಡಿಸಿ ತೇವವಿದೆಯೇ ಎಂದು ನೋಡಿರಿ. ಗಿಡ ನೆಟ್ಟ ಮೇಲೆ ಸೋರುವ ಜಾಗ ಹುಡುಕುವುದು ಬಹಳ ಕಷ್ಟ. ಕೊಳವೆಯ ಬಾಯಿಯ ಸುತ್ತ 30 ಸೆಂಟಿಮೀಟರ್ ಅಗಲಕ್ಕೆ ಮಣ್ಣಿನ ಬದಲು ಜಲ್ಲಿಯನ್ನೇ ಹರಡಿರಿ.